ಇಬ್ಬರು ಮನ್ರೋಗಳು

ಪ್ರಶ್ನೆ: ಕೆನರಾದ ಕಲೆಕ್ಟರ್ ಥಾಮಸ್ ಮನ್ರೋ ಹಾಗೂ ಅಮೆರಿಕದ ಅಧ್ಯಕ್ಷ ಜೇಮ್ಸ್ ಮನ್ರೋ ಬಂಧುಗಳೇ?
– ಓದುಗರು, ಕಾರವಾರ

ಉತ್ತರ: ಸಮೀಪದ ಬಂಧುಗಳಲ್ಲ. ಇಬ್ಬರ ಮನೆತನದ ಮೂಲವೂ ಸ್ಕಾಟ್ಲೆಂಡೇ ಆದರೂ, ಜೇಮ್ಸ್ ಅವರ ಪೂರ್ವಜರು 17ನೇ ಶತಮಾನದಲ್ಲೇ ಅಮೆರಿಕಕ್ಕೆ ವಲಸೆ ಹೋಗಿದ್ದರು. ಜೇಮ್ಸ್ 1758ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದರು. ಶಿರಸಿಯ ಹೆಗಡೆಯವರೆಲ್ಲ ಒಂದೇ ಮನೆಯವರಲ್ಲವಷ್ಟೇ!

ಗ್ಲಾಸ್ಗೋದಲ್ಲಿ 1761ರಲ್ಲಿ ಜನಿಸಿದ ಥಾಮಸ್, ಟಿಪ್ಪುವಿನ ಪತನದ ನಂತರ 1799ರಲ್ಲಿ ಕಾರವಾರವೂ ಸೇರಿದ್ದ ಕೆನರಾಕ್ಕೆ ಬಂದು, ಇಲ್ಲಿನ ಹಿಡುವಳಿದಾರರಿಗೆ ಪರಂಪರೆಯಿಂದ ಬಂದ ಭೂಮಿಯ ಒಡೆತನವಿದೆಯೆಂದು ಸರ್ಕಾರಕ್ಕೆ ವರದಿ ಮಾಡಿದರು. ನಮ್ಮ ಕರಾವಳಿಯ ಮಟ್ಟಿಗೆ ಇದೇ ಮಹತ್ವದ ಸಂಗತಿಯೆಂದು ನಾನು ಭಾವಿಸುತ್ತೇನೆ. 1823ರಲ್ಲಿ ಜೇಮ್ಸ್ ತಮ್ಮ ಹೆಸರಿನ ವಿದೇಶಾಂಗ ನೀತಿಯನ್ನು ಘೋಷಿಸಿದಾಗ ಥಾಮಸ್ ಮದ್ರಾಸಿನ ಗವರ್ನರ್ ಆಗಿದ್ದರು.