ಕಂಪ್ಯೂಟರ್ ಇರುವಾಗ ವಿಂಡ್ ಟನಲ್ ಯಾಕೆ ಬೇಕು?

ಹಾವೇರಿಯಿಂದ ಬರೆದಿದ್ದೀರಿ. ಗಾಳಿಯ ಲೆಕ್ಕವೆಲ್ಲ ಕಂಪ್ಯೂಟರ್‌ನಲ್ಲೇ ಆಗುವಾಗ ವಿಮಾನ, ರಾಕೆಟ್ ಮಾಡುವವರು ಇನ್ನೂ ವಿಂಡ್ ಟನಲ್‌ಗೆ, ಅಂದರೆ ಮಾದರಿಯನ್ನು ನಿಲ್ಲಿಸಿ ಅದರ ಮೇಲೆ ಗಾಳಿ ಹಾಯಿಸಿ ಅಳೆಯುವ ಕೊಳವೆಗೆ, ಯಾಕೆ ದುಡ್ಡು ಸುರಿಯುತ್ತಾರೆ ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮಲ್ಲೂ ಒಂದು ಚಿಕ್ಕ ಟನಲ್ ಇದೆ. ಅದರಲ್ಲಿ ಕಂಡದ್ದನ್ನೇ ಮೊದಲು ಹೇಳುತ್ತೇನೆ.

ಒಂದು ಅಡಿ ಅಗಲದ ಗಾಜಿನ ಪೆಟ್ಟಿಗೆ. ಅದರೊಳಗೆ ಗೇಣಿಗಿಂತ ಚಿಕ್ಕದಾದ ರೆಕ್ಕೆ. ರೆಕ್ಕೆಯ ಮೇಲೆ ಕೆಂಪು ಉಲ್ಲನ್ ಎಳೆಗಳನ್ನು ಅಂಟಿಸಿದ್ದೇವೆ. ಫ್ಯಾನ್ ಹಾಕಿದರೆ ಎಳೆಗಳು ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ ಸಪಾಟಾಗಿ ಮಲಗುತ್ತವೆ. ರೆಕ್ಕೆಯ ಮೂತಿಯನ್ನು ಒಂದೊಂದೇ ಡಿಗ್ರಿ ಮೇಲೆತ್ತುತ್ತಾ ಹೋಗಬೇಕು. ಹಿಂದಿನ ಅಂಚಿನ ಎಳೆಗಳು ಮೊದಲು ನಡುಗುತ್ತವೆ. ಆಮೇಲೆ ಒಮ್ಮೆಲೇ ಎದ್ದು ಉಲ್ಟಾ ತಿರುಗುತ್ತವೆ. ಆ ಕ್ಷಣದಲ್ಲೇ ರೆಕ್ಕೆಯನ್ನು ಎತ್ತುವ ಬಲ ಕುಸಿಯುತ್ತದೆ. ಇದೇ ಸ್ಟಾಲ್.

ಒಮ್ಮೆ ನಮ್ಮ ಹುಡುಗರು ಇದೇ ರೆಕ್ಕೆಯನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದಾಗ ಸ್ಟಾಲ್ 15 ಡಿಗ್ರಿಗೆ ಬಂತು. ಟನಲ್‌ನಲ್ಲಿ ಎಳೆಗಳು 12ಕ್ಕೇ ಎದ್ದವು. ಲೆಕ್ಕದಲ್ಲಿ ತಪ್ಪಿರಲಿಲ್ಲ. ರೆಕ್ಕೆಗೆ ಅಂಟಿ ಹರಿಯುವ ತೆಳು ಗಾಳಿಯ ಪದರ ಪೂರ್ತಿ ಕದಡಿದೆ ಅಂತ ಸಾಫ್ಟ್‌ವೇರ್‌ನಲ್ಲಿ ಇಟ್ಟುಕೊಂಡಿದ್ದರು. ಅಷ್ಟು ಚಿಕ್ಕ ರೆಕ್ಕೆ, ಅಷ್ಟು ಕಡಿಮೆ ವೇಗದಲ್ಲಿ ಆ ಪದರ ಮೊದಲಿಗೆ ನಯವಾಗಿಯೇ ಹರಿಯುತ್ತದೆ, ಅಂಥ ಪದರ ಬೇಗ ಕಿತ್ತುಕೊಳ್ಳುತ್ತದೆ. ಕಂಪ್ಯೂಟರ್‌ಗೆ ನಾವು ಏನನ್ನು ನಂಬು ಅಂತ ಹೇಳುತ್ತೇವೋ ಅದನ್ನೇ ಅದು ನಂಬುತ್ತದೆ. ಗಾಳಿಗೆ ಹಾಗೆ ಹೇಳೋಕಾಗಲ್ಲ, ಅಲ್ವಾ?

ರೈಟ್ ಸಹೋದರರಿಗೂ ಇದೇ ಪಾಠವಾಗಿತ್ತು. ಅಂದಿನ ಪುಸ್ತಕದ ಲೆಕ್ಕ ನಂಬಿ ಮಾಡಿದ ಗ್ಲೈಡರ್ ಅಂದುಕೊಂಡಷ್ಟು ಏಳಲಿಲ್ಲ. 1901ರಲ್ಲಿ ಅವರೇ ಆರು ಅಡಿಯ ಮರದ ಟನಲ್ ಕಟ್ಟಿದರು. ಸೈಕಲ್ ಕಡ್ಡಿ, ಹ್ಯಾಕ್ಸಾ ಬ್ಲೇಡ್‌ಗಳಿಂದ ತಕ್ಕಡಿ ಮಾಡಿ ಸುಮಾರು 200 ರೆಕ್ಕೆಗಳನ್ನು ಅಳೆದರು. 1903ರಲ್ಲಿ ಎಂಜಿನ್ ಇರುವ ವಿಮಾನದಲ್ಲಿ ಹಾರಿದರು.

ಈಗಿನ ಕಷ್ಟ ಬೇರೆ. ಹತ್ತನೇ ಒಂದು ಅಳತೆಯ ಮಾದರಿ ನಿಜವಾದ ವಿಮಾನದ ಹಾಗೆಯೇ ವರ್ತಿಸಬೇಕಾದರೆ, ಬರೀ ವೇಗ ನಂಬಿದರೆ ಗಾಳಿ ಹತ್ತು ಪಟ್ಟು ಜೋರಾಗಬೇಕು. ಹಾಗೆ ಮಾಡಿದರೆ ಅದು ಶಬ್ದದ ವೇಗ ದಾಟಿ ಕಥೆಯೇ ಬದಲಾಗುತ್ತದೆ. ಅದಕ್ಕೇ ಜರ್ಮನಿಯ ಕಲೋನ್‌ನ ಟನಲ್‌ನಲ್ಲಿ ಗಾಳಿಯ ಬದಲು ನೈಟ್ರೋಜನ್ ತುಂಬಿ, ಒತ್ತಡ ಹೆಚ್ಚಿಸಿ, ಸೊನ್ನೆಗಿಂತ 160 ಡಿಗ್ರಿ ಕೆಳಗಿನವರೆಗೂ ತಣ್ಣಗೆ ಮಾಡುತ್ತಾರೆ. ಹೀಗೆ ದಟ್ಟವಾದ ಅನಿಲದಲ್ಲಿ ವೇಗವನ್ನು ಅಷ್ಟು ಏರಿಸದೆಯೇ ಮಾದರಿ ನಿಜವಾದ ವಿಮಾನದ ಹಾಗೆ ವರ್ತಿಸುತ್ತದೆ. ನನಗೆ ಇದು ಈಗಲೂ ಬೆರಗು.

ನಮ್ಮ ಬೆಂಗಳೂರಿನ ಎನ್‌ಎಎಲ್‌ನಲ್ಲಿ (ವಿಮಾನ ಸಂಶೋಧನೆಯ ಸರ್ಕಾರಿ ಪ್ರಯೋಗಾಲಯ) 1.2 ಮೀಟರ್ ಅಗಲದ ಟನಲ್ 1960ರ ದಶಕದಿಂದ ಇದೆ. ತೊಟ್ಟಿಗಳಲ್ಲಿ ಗಾಳಿಯನ್ನು ಒತ್ತಿ ತುಂಬಿ, ಒಮ್ಮೆಲೇ ಬಿಡುತ್ತಾರೆ. ಕೆಲವೇ ಸೆಕೆಂಡು, ಅಷ್ಟರಲ್ಲಿ ಎಲ್ಲ ಅಳೆದು ಮುಗಿಸಬೇಕು. ತೇಜಸ್ ಯುದ್ಧವಿಮಾನ, ಪಿಎಸ್‌ಎಲ್‌ವಿ ರಾಕೆಟ್‌ನ ಮಾದರಿಗಳು ಅಲ್ಲಿ ನಿಂತು ಬಂದಿವೆ. ರಾಕೆಟ್ ಶಬ್ದದ ವೇಗದ ಹತ್ತಿರ ಬಂದಾಗ ಗಾಳಿ ಅದನ್ನು ಜೋರಾಗಿ ಅದುರಿಸುತ್ತದೆ. ಆ ಅದುರನ್ನು ಬರೀ ಲೆಕ್ಕದ ಮೇಲೆ ನಂಬಿ ಬಿಡಲು ಯಾರಿಗೂ ಧೈರ್ಯ ಸಾಲದು.

ಹಾಗಂತ ಕಂಪ್ಯೂಟರ್ ಸುಮ್ನೆ ಅಲ್ಲ. ನೂರು ಆಕಾರಗಳಲ್ಲಿ ತೊಂಬತ್ತನ್ನು ಅಲ್ಲೇ ಬಿಟ್ಟುಬಿಡಬಹುದು. ಉಳಿದವು ಟನಲ್‌ಗೆ ಹೋಗುತ್ತವೆ.

ನೀವೂ ಮನೆಯಲ್ಲಿ ಮಾಡಿ ನೋಡಿ. ಉದ್ದನೆಯ ರಟ್ಟಿನ ಡಬ್ಬ, ಟೇಬಲ್ ಫ್ಯಾನ್, ಗಾಳಿ ಒಳಬರುವ ಬಾಯಿಗೆ ಒತ್ತೊತ್ತಾಗಿ ಜೋಡಿಸಿದ ಸ್ಟ್ರಾಗಳು ಸಾಕು. ಫ್ಯಾನ್ ಮಾತ್ರ ಹಿಂದಿನ ತುದಿಗೆ ಇರಲಿ, ಗಾಳಿಯನ್ನು ಎಳೆಯುವ ಹಾಗೆ. ಮುಂದೆ ಇಟ್ಟು ಊದಿದರೆ ಅದರ ಸುಳಿಗಳೇ ಜಾಸ್ತಿಯಾಗಿ ಎಳೆಗಳು ಮೊದಲಿನಿಂದಲೇ ಕುಣಿಯುತ್ತವೆ.