ಡಬ್ಬ ಆಮೇಲೆ ಹುಡುಕಿ, ಮೊದಲು ಕೋಲು ನೋಡಿ

ಪ್ರಶ್ನೆ: ಸಾರ್ ನಮಸ್ತೆ, ನಾನು ಡಿಪ್ಲೊಮಾ ಓದ್ತಿದೀನಿ. ಮೊಬೈಲಲ್ಲಿ ಸಿಗಾರ್ ಬಾಕ್ಸ್ ಗಿಟಾರ್ (ಸಿಗಾರ್ ಡಬ್ಬಕ್ಕೆ ಕೋಲು ತೂರಿಸಿ ತಂತಿ ಕಟ್ಟಿದ ಗಿಟಾರ್) ನೋಡಿದಾಗಿಂದ ಒಂದು ನಾನೇ ಮಾಡ್ಬೇಕು ಅಂತ ಆಸೆ. ಆದ್ರೆ ನಮ್ಮೂರಲ್ಲಿ ಸಿಗಾರ್ ಡಬ್ಬ ಎಲ್ಲಿ ಸಿಗುತ್ತೆ? ಮರದ ಕೆಲಸಾನೂ ಬರಲ್ಲ. ಮನೇಲಿ ತಾತ ಏಕತಾರಿ ಹಿಡ್ಕೊಂಡು ಕೈವಾರ ತಾತಯ್ಯನವರ ಪದ ಹಾಡ್ತಾರೆ, ಅವರ ಜೊತೆ ನುಡಿಸೋ ಹಾಗೆ ಮಾಡಕ್ಕಾಗುತ್ತಾ?
– ಓದುಗರು, ಚಿಂತಾಮಣಿ

ಉತ್ತರ: ಖಂಡಿತ ಆಗುತ್ತೆ, ಮತ್ತೆ ನಿಮ್ಮ ಪ್ರಶ್ನೆ ಓದಿ ನನಗೆ ಬಹಳ ಖುಷಿಯಾಯ್ತು, ಯಾಕಂದ್ರೆ ಮೂರು ತಂತಿಯ ಈ ಗಿಟಾರಿಗೆ ಸಾಮಾನ್ಯವಾಗಿ ಮಾಡೋ ಶ್ರುತಿ ಪಾಶ್ಚಾತ್ಯ ಸ್ವರದ ಹೆಸರಲ್ಲಿ ಜಿ-ಡಿ-ಜಿ, ಅಂದ್ರೆ ನಮ್ಮ ಲೆಕ್ಕದಲ್ಲಿ ಸ-ಪ-ಸ. ತಾತನ ಏಕತಾರಿ ಪಕ್ಕದಲ್ಲಿ ಕೂತ್ರೆ ಸರಿಯಾಗಿ ಸೇರುತ್ತೆ.

ಡಬ್ಬದ ಚಿಂತೆ ಬಿಡಿ. ಅಮೆರಿಕದಲ್ಲಿ ಸಿಗಾರುಗಳು ಚಿಕ್ಕ ಮರದ ಡಬ್ಬದಲ್ಲಿ ಬರೋಕೆ ಶುರುವಾಗಿದ್ದು 1840ರ ಆಸುಪಾಸು, ಖಾಲಿ ಡಬ್ಬ ಕೈಗೆ ಸಿಕ್ತು, ದುಡ್ಡು ಕೊಟ್ಟು ವಾದ್ಯ ತಗೊಳ್ಳೋಕಾಗದ ಜನ ಅದಕ್ಕೇ ತಂತಿ ಕಟ್ಟಿದ್ರು. ಎಡ್ವಿನ್ ಫೋರ್ಬ್ಸ್ ಅನ್ನೋ ಚಿತ್ರಕಾರ 1876ರಲ್ಲಿ ಮಾಡಿದ ಚಿತ್ರದಲ್ಲಿ ಅಮೆರಿಕದ ಸಿವಿಲ್ ವಾರ್ (ಅಂತರ್ಯುದ್ಧ) ಸೈನಿಕರ ಮಧ್ಯೆ ಇಂಥ ಡಬ್ಬದ ಪಿಟೀಲಿದೆ. ಅವರಿಗೆ ಸಿಕ್ಕಿದ್ದು ಸಿಗಾರ್ ಡಬ್ಬ, ನಮಗೆ ಮದುವೆ ಮನೆಯ ಡ್ರೈ ಫ್ರೂಟ್ಸ್ ಮರದ ಡಬ್ಬ, ಬಿಸ್ಕತ್ ಟಿನ್ನು, ಅದೂ ಇಲ್ಲಾಂದ್ರೆ 4 ಎಂಎಂ ಪ್ಲೈವುಡ್ಡಲ್ಲಿ ಮಾಡ್ಕೊಂಡಿದ್ದು. ಉದ್ದ 25 ಸೆಂಟಿಮೀಟರ್ ಇದ್ರೆ ಸಾಕು. ಮಾವಿನಹಣ್ಣಿನ ಪೆಟ್ಟಿಗೆ ಹಲಗೆ ಮಾತ್ರ ಮುಚ್ಚಳಕ್ಕೆ ಬೇಡ, ಗಂಟು ಜಾಸ್ತಿ, ಬಿರುಕು ಬಿಡುತ್ತೆ.

ನಿಜವಾಗಿ ತಲೆ ಕೆಡಿಸ್ಕೋಬೇಕಾಗಿರೋದು ಕೋಲಿನ ಬಗ್ಗೆ. ಮೂರು ತಂತಿ ಬಿಗಿ ಮಾಡಿದಾಗ ಒಟ್ಟು 20 ಕೆಜಿಗಿಂತ ಜಾಸ್ತಿ ಎಳೀತವೆ, ಆ ಎಳೆತ ಎಲ್ಲಾ ಕೋಲೇ ತಡ್ಕೋಬೇಕು, ಡಬ್ಬ ಅಲ್ಲ, ಅದಕ್ಕೇ ಕೋಲನ್ನ ಡಬ್ಬದ ಒಳಗಿಂದ ಆ ಕಡೆಗೆ ತೂರಿಸಿ ಹೊರಗೆ ತರೋದು. ನಮ್ಮ ಕಡೆ ಎಲ್ಲಿ ನೋಡಿದ್ರೂ ನೀಲಗಿರಿ ಸಿಗುತ್ತೆ ಅಂತ ನಾನು ಮೊದಲನೇ ಸಲ ಅದನ್ನೇ ತಗೊಂಡೆ, ಎರಡು ತಿಂಗಳಲ್ಲಿ ತಿರುಚ್ಕೊಂಡು ಇಡೀ ಗಿಟಾರ್ ಹಾಳಾಯ್ತು, ಆ ಬೇಜಾರು ನಿಮಗೆ ಬೇಡ. ಆಚಾರಿ ಹತ್ರ ಹೋಗಿ ಹಳೇ ಬಾಗಿಲು ಕಿಟಕಿಯ ತೇಗದ ತುಂಡು ಕೇಳಿ, ವರ್ಷಾನುಗಟ್ಲೆ ಒಣಗಿರುತ್ತೆ. 3 ಅಡಿ ಉದ್ದ, ಒಂದೂವರೆ ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ವೀಣೆ ಮಾಡೋ ಹಲಸಿನ ಮರ ಸಿಕ್ರೂ ಒಳ್ಳೇದೇ. ಕಣ್ಣು ಹತ್ರ ಹಿಡಿದು ಉದ್ದಕ್ಕೂ ನೋಡಿ, ಸೊಟ್ಟ ಇದ್ರೆ ಎಷ್ಟೇ ಕಮ್ಮಿಗೆ ಕೊಟ್ರೂ ತಗೋಬೇಡಿ.

ತಂತಿಗೆ ಒಂದು ಗಿಟಾರ್ ಸೆಟ್ ತಗೊಂಡು ಅದರಲ್ಲಿ 5, 4, 3ನೇ ತಂತಿ ಹಾಕಿ. ಐದನೇದು ಎ ಇರುತ್ತೆ, ಅದನ್ನ ಜಿಗೆ ಇಳಿಸಿ, ಉಳಿದೆರಡು ಇರೋ ಹಾಗೇ ಡಿ, ಜಿ. ತಾತನ ಶ್ರುತಿ ಎ ಆಗಿದ್ರೆ ಎ-ಇ-ಎ ಮಾಡ್ಕೊಳ್ಳಿ, ತಂತಿ ತಡಿಯುತ್ತೆ. ತಂತಿ ಬಿಗಿ ಮಾಡೋ ಬಿರಡೆಗಳನ್ನ ಮಾತ್ರ ಹೊಸದಾಗಿ ಗಿಟಾರಿಂದೇ ತಗೊಳ್ಳಿ, ಅಲ್ಲಿ ಉಳಿಸೋಕೆ ಹೋದ್ರೆ ಶ್ರುತಿ ನಿಲ್ಲಲ್ಲ.

ಮೊದಲನೇ ಗಿಟಾರಿಗೆ ಮೆಟ್ಟು (ಕೋಲಿನ ಮೇಲೆ ಅಡ್ಡಡ್ಡ ಕೂರಿಸೋ ಪಟ್ಟಿ, ಫ್ರೆಟ್) ಹಾಕಲೇಬೇಡಿ. ಮೆಟ್ಟು ಬರಬೇಕಾದ ಜಾಗದಲ್ಲಿ (ಅಳತೆ ಮುಂದಿನ ಉತ್ತರದಲ್ಲಿದೆ) ಪೆನ್ಸಿಲಲ್ಲಿ ಗೆರೆ ಎಳೆದು, ಸಣ್ಣ ಸ್ಟೀಲ್ ಪೈಪ್ ತುಂಡಿನ ಅಂಚು ಉಜ್ಜಿ ಬೆರಳಿಗೆ ಹಾಕ್ಕೊಂಡು ತಂತಿ ಮೇಲೆ ಜಾರಿಸಿ ನುಡಿಸಿ, ಮೆಟ್ಟಿಲ್ಲದ ವೀಣೆಯಂಥ ಗೋಟುವಾದ್ಯದ ಥರ. ತಾತ ಸ್ವರ ಎಳೆದಾಗ ನೀವೂ ಹಿಂದೇನೇ ಎಳೀಬಹುದು, ಮೆಟ್ಟಿದ್ರೆ ಆ ಜಾರು ಅಷ್ಟು ಸಲೀಸಾಗಿ ಬರಲ್ಲ. ಒತ್ತಬೇಡಿ, ತಾಗಿಸಿದ್ರೆ ಸಾಕು, ಗೆರೆ ಮೇಲೇನೇ ಇರ್ಲಿ.

ಪ್ರಶ್ನೆ: ನಾನು ಮಗನಿಗೋಸ್ಕರ ಒಂದು ಮಾಡಿದೀನಿ, ಬಿದಿರು ಕಡ್ಡಿ ಅಂಟಿಸಿ ಮೆಟ್ಟು ಹಾಕಿದೀನಿ. ಶಬ್ದ ಮಂಕಾಗಿದೆ, ಮೇಲೆ ಹೋಗ್ತಾ ಅಪಸ್ವರ ಬರುತ್ತೆ. ಎಲ್ಲಿ ತಪ್ಪಾಯ್ತು?
– ಓದುಗರು, ಕೋಲಾರ

ಉತ್ತರ: ಮುಚ್ಚಳ ತೆಗೆದು ನೋಡಿ ಅಮ್ಮ, ಕೋಲು ಒಳಗಡೆ ಮುಚ್ಚಳಕ್ಕೆ ಅಂಟ್ಕೊಂಡಿರಬೇಕು. ಶಬ್ದ ಹುಟ್ಟೋದು ಮುಚ್ಚಳ ಅದುರಿದಾಗ, ಅದಕ್ಕೆ ಕೆಳಗಿಂದ ಕೋಲು ತಾಗಿದ್ರೆ ತಬಲಾ ಮೇಲೆ ಕೈ ಇಟ್ಟ ಹಾಗೆ. ಡಬ್ಬದೊಳಗೆ ಇರೋ ಭಾಗದಲ್ಲಿ ಕೋಲನ್ನ ಉಳಿಯಿಂದ 4-5 ಎಂಎಂ ಕೆತ್ತಿ ಗ್ಯಾಪ್ ಬಿಡಿ, ಅದಕ್ಕಿಂತ ಜಾಸ್ತಿ ಬೇಡ, ಬಲ ಹೋಗುತ್ತೆ. ಇದೊಂದರಲ್ಲೇ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತೆ.

ಅಪಸ್ವರಕ್ಕೆ ಕಾರಣ ಅಳತೆ. ಕೋಲಿನ ತುದೀಲಿ ತಂತಿ ಕೂರೋ ಮೇಲಿನ ಪಟ್ಟಿಯಿಂದ, ಮುಚ್ಚಳದ ಮೇಲೆ ತಂತಿ ಹೊರೋ ಕುದುರೆವರೆಗೆ 640 ಎಂಎಂ ಅಂತ ಇಟ್ಕೊಳ್ಳಿ, ಅದನ್ನ ಮೆಟ್ಟಿನ ಲೆಕ್ಕಕ್ಕೆ ಬಳಸೋ 17.817ರಿಂದ ಭಾಗಿಸಿದ್ರೆ 35.9, ಅದು ಮೊದಲನೇ ಮೆಟ್ಟು. ಉಳಿದ 604.1ನ್ನ ಮತ್ತೆ ಭಾಗಿಸಿದ್ರೆ 33.9, ಎರಡೂ ಕೂಡಿಸಿದ್ರೆ 69.8ಕ್ಕೆ ಎರಡನೇದು, ಹೀಗೇ ಹೋಗ್ತಾ 12ನೇದು ಸರಿಯಾಗಿ ಅರ್ಧಕ್ಕೆ, 320ಕ್ಕೆ ಬರಬೇಕು, ಬರ್ಲಿಲ್ಲ ಅಂದ್ರೆ ಲೆಕ್ಕ ತಪ್ಪಿದೆ. ಎಲ್ಲಾ ಪೇಪರ್ ಮೇಲೆ ಕೂಡಿಸ್ಕೊಂಡು, ಕೋಲಿನ ಮೇಲೆ ಗುರುತು ಹಾಕುವಾಗ ಪ್ರತಿ ಸಲ ಮೇಲಿನ ಪಟ್ಟಿಯಿಂದಾನೇ ಅಳೀರಿ. ಹಿಂದಿನ ಮೆಟ್ಟಿನಿಂದ ಅಳೆದ್ರೆ ಅರ್ಧರ್ಧ ಎಂಎಂ ತಪ್ಪು ಸೇರ್ಕೊಂಡು ಸೇರ್ಕೊಂಡು ಮೇಲೆ ಹೋಗೋವಷ್ಟರಲ್ಲಿ ಕಿವಿಗೆ ಹೊಡೆಯುತ್ತೆ, ನಿಮಗೆ ಆಗಿರೋದು ಇದೇ ಇರಬೇಕು.

ಕುದುರೆ ಅಂಟಿಸಿಬಿಟ್ಟಿದ್ರೆ ಬಿಡಿಸಿ, ತಂತಿ ಒತ್ತಡದಲ್ಲೇ ಅದು ನಿಲ್ಲುತ್ತೆ. 12ನೇ ಮೆಟ್ಟಿನ ನೇರಕ್ಕೆ ತಂತಿಗೆ ಬೆರಳು ಸುಮ್ನೆ ತಾಗಿಸಿ ಮೀಟಿದ್ರೆ ಗಂಟೆ ಥರ ಸ್ವರ ಬರುತ್ತೆ, ಅಲ್ಲೇ ಒತ್ತಿ ಮೀಟಿದಾಗಿನ ಸ್ವರ ಅದಕ್ಕಿಂತ ಏರಿದ್ರೆ ಕುದುರೇನ ಡಬ್ಬದ ಹಿಂತುದಿ ಕಡೆ ಸರಿಸಿ, ಇಳಿದ್ರೆ ಮೆಟ್ಟುಗಳ ಕಡೆ. ಕಡ್ಡಿ ಸವೆದ ಮೇಲೆ ಗಿಟಾರ್ ಮೆಟ್ಟಿಗೆ ಹಾಕೋ ಲೋಹದ ತಂತೀನೇ (ಫ್ರೆಟ್ ವೈರ್) ಹಾಕ್ಸಿ. ಮಗನಿಗೆ ಏನೂ ಒತ್ತದೆ ಒಂದ್ಸಲ, 5ನೇ ಮೆಟ್ಟಲ್ಲಿ ಒಂದೇ ಬೆರಳಿಂದ ಮೂರೂ ತಂತಿ ಒತ್ತಿ ಒಂದ್ಸಲ, 7ರಲ್ಲಿ ಒಂದ್ಸಲ ಮೀಟೋಕೆ ಹೇಳಿ, ಎಷ್ಟೋ ಹಾಡಿಗೆ ಅಷ್ಟೇ ಸಾಕು.

ಪ್ರಶ್ನೆ: ಆಂಪ್ಲಿಫೈಯರ್‌ಗೆ ಈ ಗಿಟಾರ್ ಹಾಕೋ ಹಾಗೆ ಕಮ್ಮಿ ಖರ್ಚಲ್ಲಿ ಏನು ಮಾಡ್ಬಹುದು?
– ಓದುಗರು, ತುಮಕೂರು

ಉತ್ತರ: ಎಲೆಕ್ಟ್ರಾನಿಕ್ಸ್ ಅಂಗಡೀಲಿ 27 ಎಂಎಂ ಪೀಜೋ ಡಿಸ್ಕ್ (ಅದುರಿದಾಗ ಅದನ್ನ ವಿದ್ಯುತ್ ಸಂಕೇತ ಮಾಡೋ ಬಿಲ್ಲೆ) ಕೇಳಿ, ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಲ್ಲಿ ಸಿಗುತ್ತೆ. ಮುಚ್ಚಳದ ಒಳಭಾಗಕ್ಕೆ, ಕುದುರೆ ಹತ್ರ, ಡಬಲ್ ಟೇಪಲ್ಲಿ ಅಂಟಿಸಿ. ನಡುವಿನ ಬಿಳಿ ಭಾಗದ ವೈರು 6.35 ಎಂಎಂ ಜ್ಯಾಕಿನ ತುದಿಗೆ, ಹಿತ್ತಾಳೆ ಅಂಚಿನ ವೈರು ಅರ್ತ್‌ಗೆ. ಬೆಸುಗೆ ಹಾಕುವಾಗ ಆ ಬಿಳಿ ಭಾಗಕ್ಕೆ ಕಾವು ಜಾಸ್ತಿ ಹೊತ್ತು ತಾಗಿಸಬೇಡಿ, ಪದರ ಎದ್ದು ಬರುತ್ತೆ, ಎರಡು ಡಿಸ್ಕ್ ಜಾಸ್ತೀನೇ ತಂದಿಟ್ಕೊಳ್ಳಿ.