ಸಹಿ ಹಾಕಿಸಿಕೊಂಡರೆ ತರಬೇತಿ ಆಯ್ತಾ?

ಪ್ರಶ್ನೆ: ತುಮಕೂರಿನ ವಸಂತನರಸಾಪುರದ ಹತ್ತಿರ ನಮ್ಮದೊಂದು ಸಣ್ಣ ಸಂಶೋಧನಾ ಲ್ಯಾಬ್ ಇದೆ. ಕೆಲಸಕ್ಕೆ ಸೇರಿದಾಗ ಎಲ್ಲರಿಗೂ ಸುರಕ್ಷತಾ ತರಬೇತಿ ಕೊಡುತ್ತೇವೆ. ವರ್ಷಕ್ಕೊಮ್ಮೆ ಅದೇ ಸ್ಲೈಡ್ ತೋರಿಸಿ ಸಹಿ ಹಾಕಿಸಿಕೊಳ್ಳುತ್ತೇವೆ. ಇದನ್ನು ಬದಲಿಸಲೇಬೇಕಾ?

ಬದಲಿಸಲೇಬೇಕು. ಈ ಪ್ರಶ್ನೆ ಎಷ್ಟನೇ ಸಲ ಬಂತೋ, ಲೆಕ್ಕ ತಪ್ಪಿದೆ. ಕ್ಯಾಲೆಂಡರ್ ನೋಡಿ ಬದಲಿಸುವುದಲ್ಲ, ಲ್ಯಾಬ್ ನೋಡಿ ಬದಲಿಸಿ. ಹೊಸ ರಾಸಾಯನಿಕ ಬಂತು, ಹೊಸ ಯಂತ್ರ ಬಂತು, ಅವಘಡವೊಂದು ಕೂದಲೆಳೆಯಲ್ಲಿ ತಪ್ಪಿತು ಅಂದರೆ ಆ ವಾರವೇ ತರಬೇತಿಯೂ ಬದಲಾಗಬೇಕು.

1996ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರೊಫೆಸರ್ ಕರೆನ್ ವೆಟರ್‌ಹಾನ್ ಅವರ ಗ್ಲೌಸ್ ಮೇಲೆ ಡೈಮೀಥೈಲ್ ಮರ್ಕ್ಯುರಿ ಅನ್ನೋ ಪಾದರಸದ ವಿಷದ ಒಂದೆರಡು ಹನಿ ಬಿತ್ತು. ಅವರು ಫ್ಯೂಮ್ ಹುಡ್ (ವಿಷದ ಆವಿಯನ್ನು ಫ್ಯಾನ್‌ನಿಂದ ಹೊರಗೆಳೆಯುವ ಗೂಡು) ಒಳಗೇ ಕೆಲಸ ಮಾಡುತ್ತಿದ್ದರು. ಕೈಗೆ ಲ್ಯಾಟೆಕ್ಸ್ ಗ್ಲೌಸ್ ಇತ್ತು. ಆಗ ಗೊತ್ತಿದ್ದ ಎಚ್ಚರಿಕೆಯನ್ನೆಲ್ಲ ತೆಗೆದುಕೊಂಡಿದ್ದರು. ಆದರೂ 1997ರ ಜೂನ್‌ನಲ್ಲಿ ತೀರಿಕೊಂಡರು. ಆಮೇಲೆ ಪರೀಕ್ಷೆ ಮಾಡಿದರೆ, ಆ ವಿಷ ಲ್ಯಾಟೆಕ್ಸ್ ದಾಟಲು 15 ಸೆಕೆಂಡು ಕೂಡ ಬೇಕಿರಲಿಲ್ಲ! ನಿಮ್ಮ ಸ್ಲೈಡ್‌ನಲ್ಲೂ ಬರೀ ‘ಗ್ಲೌಸ್ ಧರಿಸಿ’ ಅಂತ ಇದೆ, ಅಲ್ವಾ? ಯಾವುದಕ್ಕೆ ಯಾವ ಗ್ಲೌಸ್ ಅಂತ ಬರೆಯಿರಿ. ಅಸಿಟೋನ್‌ನಲ್ಲಿ ಕೈ ಆಡಿಸುವವರಿಗೆ ತೆಳು ನೈಟ್ರೈಲ್ ಗ್ಲೌಸ್ ಸಾಲದು, ಬ್ಯೂಟೈಲ್ ರಬ್ಬರಿನದು ಬೇಕು.

ಇನ್ನೊಂದು ಸಿಟ್ಟಿನ ಮಾತು. ಹೆಚ್ಚಿನವರ ಸ್ಲೈಡ್ ಪರದೇಶದ ಕೈಪಿಡಿಯ ನಕಲು. ಕಣ್ಣು ತೊಳೆಯುವ ನಲ್ಲಿ 10 ಸೆಕೆಂಡಿನಲ್ಲಿ ಕೈಗೆ ಸಿಗಬೇಕು, 15 ನಿಮಿಷ ಹರಿಯಬೇಕು ಅಂತ ಅದರಲ್ಲಿದೆ. ಸರಿ. ನಮ್ಮ ಬೋರ್‌ವೆಲ್ ನೀರು ಕೊಡಕ್ಕೇ ಬಿಳಿ ಪೊರೆ ಕಟ್ಟುತ್ತದೆ, ಆ ನಲ್ಲಿಯ ಸಣ್ಣ ತೂತುಗಳನ್ನು ಬಿಡುತ್ತದಾ? ಒಂದು ಲ್ಯಾಬ್‌ನಲ್ಲಿ ನಾನೇ ತಿರುಗಿಸಿ ನೋಡಿದೆ. ಒಂದು ಕಡೆ ಏನೂ ಬರಲಿಲ್ಲ, ಇನ್ನೊಂದು ಕಡೆ ತುಕ್ಕು ನೀರು ಬಂತು. ಗೋಡೆಯ ಮೇಲೆ ತರಬೇತಿಯ ಸರ್ಟಿಫಿಕೇಟ್ ಫ್ರೇಮ್ ಹಾಕಿಸಿ ತೂಗುಹಾಕಿದ್ದರು. ವಾರಕ್ಕೊಮ್ಮೆ ನಲ್ಲಿ ಬಿಟ್ಟು ನೋಡಿ. ಏಪ್ರಿಲ್ ಮಧ್ಯಾಹ್ನ ತಾರಸಿ ಟ್ಯಾಂಕಿನ ನೀರು ಎಷ್ಟು ಸುಡುತ್ತದೆ ಅಂತಲೂ ನೋಡಿ. ಕರೆಂಟ್ ಹೋಗಿ ಫ್ಯೂಮ್ ಹುಡ್ ನಿಂತರೆ ಏನು ಮಾಡಬೇಕು? ಇದನ್ನು ಸ್ಲೈಡ್‌ನಲ್ಲಿ ಬರೆದರೆ ಸಾಲದು, ಫ್ಯಾನ್ ನಿಲ್ಲಿಸಿ ಮಾಡಿಸಿ ನೋಡಿ.

ಗಾಜಿನ ಸಾಮಾನು ತೊಳೆಯುವ ಅಕ್ಕನನ್ನು ಬಿಡಬೇಡಿ. ನೈಟ್ರಿಕ್ ಆಸಿಡ್ ಮತ್ತು ಅಸಿಟೋನ್ ಒಂದೇ ವೇಸ್ಟ್ ಬಾಟಲಿಗೆ ಸುರಿದು ಮುಚ್ಚಳ ಬಿಗಿದರೆ ಒಳಗೆ ಅನಿಲ ಹುಟ್ಟಿ ಬಾಟಲಿ ಸಿಡಿಯುತ್ತದೆ. ಸುರಿಯುವವರು ನೀವು, ಎತ್ತಿಡುವವರು ಅವರು. ಕನ್ನಡದಲ್ಲಿ ಹೇಳಿ. ಪಾವಗಡದ ಕಡೆಯವರಾದರೆ ತೆಲುಗಿನಲ್ಲಿ ಹೇಳಿ. ಹೇಳಿದ ಮೇಲೆ ಅವರ ಕೈಯಲ್ಲೇ ಮಾಡಿಸಿ.

ಪ್ರಶ್ನೆ: ಆವಿ ಕುಡಿದರೆ ಬೆಲ್ಲ ತಿನ್ನಬೇಕಂತೆ, ನಿಜವಾ? (ಕೋಲಾರ)

ಬೆಲ್ಲ ಒಬ್ಬಟ್ಟಿಗೆ ಇಟ್ಟುಕೊಳ್ಳಿ. ಆವಿ ಕುಡಿದವರನ್ನು ಹೊರಗೆ ಗಾಳಿಗೆ ತನ್ನಿ, ಆ ರಾಸಾಯನಿಕದ ಸುರಕ್ಷತಾ ಹಾಳೆ ಹಿಡಿದುಕೊಂಡು ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಆಸಿಡ್ ಬಿದ್ದ ಕೈಗೆ ಸೋಡಾಪುಡಿ ಹಚ್ಚಬಹುದಾ? (ಚಿಕ್ಕಬಳ್ಳಾಪುರ)

ಬೇಡ. ಹರಿಯುವ ನೀರು, 15 ನಿಮಿಷ, ಗಡಿಯಾರ ನೋಡಿಕೊಂಡು.

ಪ್ರಶ್ನೆ: ಅರ್ಧ ಗಂಟೆ ವಿಡಿಯೊ ನೋಡಿದರೆ ಮೂರು ವರ್ಷದ ಸರ್ಟಿಫಿಕೇಟ್ ಕೊಡುತ್ತಾರಂತೆ. ತೆಗೆದುಕೊಳ್ಳಲಾ?

ಆ ದುಡ್ಡಿಗೆ ನಾಲ್ಕು ಜೊತೆ ಒಳ್ಳೆ ಗ್ಲೌಸ್ ತೆಗೆದುಕೊಳ್ಳಿ.